ಸುರಂಗಿಯ ಕತ್ತಿ ಹಿಡಿದವನು

ಚಿತ್ರದಲ್ಲಿ ಹೆಚ್ಚೇನೂ ಇರಲಿಲ್ಲ. ಒಂದು ಬಾವಿಯ ಕಟ್ಟೆ. ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತ ಗಂಡಸು. ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಹೆಂಗಸು. ಈಗಷ್ಟೇ ತೊಳೆದ ಅವಳ ಕೂದಲು ಕಟ್ಟೆಯಿಂದ ಕೆಳಗೆ ಇಳಿದು ಒಣಗುತ್ತಿದೆ. ಅವಳ ಕತ್ತಿ ಅವನ ಕೈಯಲ್ಲಿದೆ. ಅದರ ಅಂಚು ಅವಳ ಕೂದಲಿಗೆ ತಾಗದಂತೆ ಅವನು ಅದನ್ನು ದೂರ ಹಿಡಿದಿದ್ದಾನೆ. ಅವಳು ಕಣ್ಣು ಮುಚ್ಚಿಲ್ಲ. ಅವನನ್ನು ನೋಡಿ ನಗುತ್ತಿದ್ದಾಳೆ.

ಸಾವಿರದ ಒಂಬೈನೂರ ಐವತ್ತೊಂದರ ಬೇಸಿಗೆಯಲ್ಲಿ, ಬೀದರಿನ ದತ್ತಾತ್ರಿಯವರ ಕಲ್ಲಚ್ಚಿನ ಛಾಪಖಾನೆಯಲ್ಲಿ ಈ ಚಿತ್ರ ಕಲ್ಲಿಗೆ ಇಳಿದಾಗ ನೋಡಿದವರೆಲ್ಲ ಕೇಳಿದ್ದು ಒಂದೇ ಮಾತು: ಇವನು ಯಾರು?

ಬರೆದವಳು ಪುತಳಾಬಾಯಿ, ಅದೇ ಛಾಪಖಾನೆಯಲ್ಲಿ ಕಲ್ಲು ಉಜ್ಜುವ ಹೆಂಗಸು. ಊರು ಖಟಕ ಚಿಂಚೋಳಿ. ಹದಿಮೂರಕ್ಕೆ ಲಗ್ನವಾಗಿ ಬೀದರಿಗೆ ಬಂದಳು. ಗಂಡ ಧೊಂಡಿಬಾ ಇಲ್ಲಿ ಕಲ್ಲು ಉಜ್ಜುತ್ತಿದ್ದ. ಅವಳ ಇಪ್ಪತ್ತೈದನೆಯ ವಯಸ್ಸಿಗೆ ಅವನು ಕಾಲರಾದಲ್ಲಿ ತೀರಿಕೊಂಡ. ಹದಿನೈದನೆಯ ದಿನಕ್ಕೆ ಅವಳು ಅವನ ಮರಳಿನ ಬುಟ್ಟಿ ಎತ್ತಿಕೊಂಡು ಬಂದು ಅವನ ಜಾಗದಲ್ಲಿ ನಿಂತಳು. ಬೇಡ ಎನ್ನಲು ದತ್ತಾತ್ರಿಗೆ ಬೇರೆ ಆಳು ಸಿಗಲಿಲ್ಲ.

ಕಲ್ಲಚ್ಚಿನ ಕೆಲಸವನ್ನು ನೋಡದವರಿಗೆ ಇಷ್ಟು ಹೇಳಬೇಕು. ಜಿಡ್ಡಿನ ಮಸಿಯಲ್ಲಿ ಹಳದಿ ಕಾಗದದ ಮೇಲೆ ಬರೆದದ್ದನ್ನು ನಯವಾದ ಕಲ್ಲಿನ ಮೇಲೆ ಒತ್ತುತ್ತಾರೆ. ಕಲ್ಲು ಆ ಜಿಡ್ಡನ್ನು ಕುಡಿಯುತ್ತದೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಮಸಿಯ ಉರುಳೆ ಹೊರಳಿಸಿದರೆ, ಜಿಡ್ಡು ಕುಡಿದ ಜಾಗ ಮಾತ್ರ ಮಸಿ ಹಿಡಿಯುತ್ತದೆ. ಅಚ್ಚಿನ ಕೆಲಸ ಮುಗಿದ ಮೇಲೆ ಕಲ್ಲಿನ ಮೇಲೆ ಕಲ್ಲಿಟ್ಟು, ನಡುವೆ ಮರಳು ನೀರು ಹಾಕಿ, ಗಿರಿಗಿರಿ ತಿರುಗಿಸಿ ಉಜ್ಜಬೇಕು. ಹಳೆಯ ಬರಹ ಮೇಲೆ ಅಳಿದರೆ ಸಾಲದು, ಕಲ್ಲು ಕುಡಿದಷ್ಟು ಆಳಕ್ಕೂ ಹೋಗಬೇಕು. ಎಷ್ಟು ಹೊತ್ತು ಉಜ್ಜಬೇಕೆಂಬುದು ಕಣ್ಣಿಗೆ ಕಾಣುವುದಿಲ್ಲ, ಅಂಗೈಗೆ ಗೊತ್ತಾಗುತ್ತದೆ. ಪುತಳಾಬಾಯಿಯ ಅಂಗೈಗೆ ಗೊತ್ತಿತ್ತು.

ಚಿತ್ರ ಬರೆಯುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಛಾಪಖಾನೆಯ ಕಾತಿಬ, ಅಂದರೆ ಅಕ್ಷರ ಬರೆಯುವ ನಜಮೋದ್ದೀನ, ಸವೆದ ಕಲಮುಗಳನ್ನು ಮೂಲೆಗೆ ಎಸೆಯುತ್ತಿದ್ದ. ಅವಳು ಅವನ್ನು ಆಯ್ದುಕೊಂಡು, ಹರಿದ ಹಳದಿ ಕಾಗದದ ಮೇಲೆ ಗೀಚುತ್ತಿದ್ದಳು. ಒಂದು ದಿನ ನಜಮೋದ್ದೀನ ಅದನ್ನು ಕಂಡು ತನ್ನ ಹೊಸ ಕಲಮೊಂದನ್ನು ಅವಳ ಮರಳಿನ ಬುಟ್ಟಿಯಲ್ಲಿಟ್ಟು ಹೋದ.

ಚಿತ್ರದಲ್ಲಿ ಮಲಗಿದ ಆ ಹೆಂಗಸು, ಸುರಂಗಿ, ಹುಟ್ಟಿದ್ದು ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆಕ್ಷನ್ ಆದ ವರ್ಷ, ನಲವತ್ತೆಂಟರಲ್ಲಿ. ಆ ಶ್ರಾವಣದಲ್ಲಿ ನಿಜಾಮನ ಕಡೆಯ ರಜಾಕಾರರ ಭಯಕ್ಕೆ ಓಣಿಯ ಹೆಂಗಸರು ಊರಾಚೆಯ ಸುರಂಗ ಬಾವಿಯೊಳಗೆ ಹಗಲೆಲ್ಲ ಅಡಗಿದ್ದರು. ನೆಲದಡಿಯ ಹಳೆಯ ನೀರಿನ ಕಾಲುವೆ ಅದು, ಒಂದು ಬಾವಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ಪುತಳಾಬಾಯಿ ಅಲ್ಲಿ ಮೊಣಕಾಲು ನೀರಿನಲ್ಲಿ ನಿಂತಿದ್ದಳು. ಭಾದ್ರಪದದಲ್ಲಿ ಭಾರತದ ಸೈನ್ಯ ಬಂತು, ಕಾಲ ಮಗುಚಿತು. ಈಗ ನಡುಗುವ ಸರದಿ ನಜಮೋದ್ದೀನನ ಓಣಿಯದು. ಅವನ ಹೆಂಡತಿ ಕುಬರಾಳ ಕೈ ಹಿಡಿದು ಅದೇ ಕತ್ತಲಿಗೆ, ಅದೇ ನೀರಿಗೆ ಕರೆದೊಯ್ದವಳು ಪುತಳಾಬಾಯಿ. ಇಬ್ಬರೂ ಅಲ್ಲಿ ನಾಲ್ಕು ದಿನ ಇದ್ದರು.

ಮೂರನೆಯ ದಿನ ಕುಬರಾ ಅಂದಿದ್ದಳಂತೆ, "ಈ ಸುರಂಗದಾಗಿಂದ ಯಾವ ಬಾವಿ ಬೇಕು ಆ ಬಾವಿಗೆ ಏಳೋ ಒಬ್ಬಾಕಿ ಇದ್ದಿದ್ರ, ಪುತಳಾ?"

"ಕೈಯಾಗ ಕತ್ತಿ ಇರಬೇಕು," ಅಂದಳಂತೆ ಇವಳು.

ಹಾಗೆ ಹುಟ್ಟಿದ ಸುರಂಗಿಯ ಕತೆ ಹದಿನಾರು ಹದಿನಾರು ಪುಟದ ಚಿತ್ರಪುಸ್ತಿಕೆಗಳಾಗಿ ಬಂತು. ಪುತಳಾಬಾಯಿ ಚಿತ್ರ ಬರೆದಳು. ನಜಮೋದ್ದೀನ ಕೆಳಗೆ ಅಕ್ಷರ ಬರೆದ. ಉರ್ದುವಿನ ಸರಕಾರಿ ದಫ್ತರುಗಳು, ಕಚೇರಿಗಳು ಮುಚ್ಚುತ್ತಿದ್ದ ಕಾಲ, ಅವನೂ ತನ್ನ ಮೂವತ್ತೆಂಟನೆಯ ವಯಸ್ಸಿಗೆ ಕನ್ನಡ ಅಕ್ಷರ ತಿದ್ದುತ್ತಿದ್ದ. ಅನ್ಯಾಯವಾದಲ್ಲಿ ಸುರಂಗಿ ಬಾವಿಯಿಂದ ಏಳುತ್ತಿದ್ದಳು. ನಾಲ್ಕು ಭಾಗ ಬಂದವು. ಭಾಲ್ಕಿ, ಔರಾದಿನ ಸಂತೆಗಳಲ್ಲಿ ಜನ ಕಾದು ಒಯ್ದರು. ಓದಲು ಬಾರದ ಹೆಂಗಸರು ಚಿತ್ರ ನೋಡಿಯೇ ಕತೆ ಹೇಳಿಕೊಂಡರು. ಆ ನಾಲ್ಕು ಭಾಗಗಳಲ್ಲಿ ಸುರಂಗಿ ಒಂದು ಸಲವೂ ಕೂತಿರಲಿಲ್ಲ, ಉಂಡಿರಲಿಲ್ಲ, ಮಲಗಿರಲಿಲ್ಲ. ಐದನೆಯ ಭಾಗದ ಕೊನೆಯ ಪುಟದಲ್ಲಿ ಮಲಗಿದಳು. ಅದೂ ಒಬ್ಬನ ತೊಡೆಯ ಮೇಲೆ.

ಆ ದಿನ ಭಾಲ್ಕಿಯಿಂದ ಹಣಮಂತಪ್ಪ ಮಾಸ್ತರರು ಬಂದಿದ್ದರು. ಸುತ್ತಲಿನ ಸಾಲೆಗಳ ವಾಚನಾಲಯಕ್ಕೆ ಸುರಂಗಿಯನ್ನು ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದವರು. ಕಲ್ಲಿನಿಂದ ತೆಗೆದ ಮೊದಲ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮುಖ ಬಿಗಿಯಾಯಿತು.

"ದೇವಿ ಇದ್ದಂಗ ಇದ್ಳಲ್ಲ ಬಾಯಿ, ಇದೇನು ಮಾಡಿದಿ?"

"ದೇವಿ ಪಕ್ಕದಾಗ ದೇವರು ಕುಂತಿರ್ತಾನಲ್ಲರಿ ಮಾಸ್ತರ. ಗುಡಿಗೆ ನೀವೂ ಹೋಗ್ತೀರಿ."

"ಅವರದು ಲಗ್ನ ಆಗೇದ."

"ಇವರದು ಆಗಿಲ್ಲಂತ ಯಾರು ಹೇಳಿದ್ರಿ? ಆಗೇದಂತನೂ ನಾ ಹೇಳಿಲ್ಲ. ಅದು ಆಕಿ ಮಾತು."

ಮಾಸ್ತರರು ದತ್ತಾತ್ರಿಯ ಕಡೆ ತಿರುಗಿದರು. ಕೆಟ್ಟ ಮನುಷ್ಯರಲ್ಲ. ಹೆಣ್ಣುಮಕ್ಕಳನ್ನು ಸಾಲೆಗೆ ಕಳಿಸಿರೆಂದು ಮನೆಮನೆ ತಿರುಗಿದವರು. "ಹುಡುಗ್ಯಾರು ಓದ್ತಾರ್ರಿ. ನಾಳೆ ಅವರವ್ವಂದಿರು ಸಾಲಿ ಬಿಡಿಸಿದ್ರ ಯಾರು ಜವಾಬು? ಒಂದು ಕೆಲಸ ಮಾಡ್ರಿ. ಅವನ ಮುಂಗೈಗೆ ಒಂದು ರಾಖಿ ಬರದುಬಿಡ್ರಿ. ಅಣ್ಣ ಆಗ್ತಾನ, ಮುಗೀತು."

ಒಳಬಾಗಿಲಲ್ಲಿ ಗಂಡನ ಬುತ್ತಿ ಹಿಡಿದು ನಿಂತಿದ್ದ ಕುಬರಾಗೆ ನಗು ತಡೆಯಲಾಗಲಿಲ್ಲ. "ಹಂಗ ನೋಡಾಕಿ ಯಾವ ತಂಗಿ ಅದಾಳರಿ ಮಾಸ್ತರ ಸಾಬ? ನಮ್ಮ ಓಣ್ಯಾಗಂತೂ ಯಾರೂ ಇಲ್ಲ."

ನಜಮೋದ್ದೀನ ತಲೆ ತಗ್ಗಿಸಿ ಕಲಮಿನ ತುದಿ ಕೆತ್ತತೊಡಗಿದ. ಭುಜ ಕುಲುಕುತ್ತಿತ್ತು.

"ರಾಖಿ ಬ್ಯಾಡಂದ್ರ ಕೊಂದುಬಿಡು," ಅಂದರು ಮಾಸ್ತರರು, ಈಗ ನಿಜವಾಗಿ ದಾರಿ ಹುಡುಕುತ್ತ. "ಮುಂದಿನ ಭಾಗದಾಗ ಅಂವ ಸತ್ತ ಅಂತ ಒಂದು ಸಾಲು ಹಾಕು. ಆಕಿ ಅಳಲಿ. ಮತ್ತ ಕತ್ತಿ ಹಿಡೀಲಿ."

"ಯಾಕರಿ? ನನ್ನ ಗಂಡ ಸತ್ತ, ಆಮ್ಯಾಲೆ ಎಲ್ಲಾರೂ ನನಗ ಭಾಳ ಚಲೋ ಹೆಣಮಗಳು ಅಂದ್ರು. ಸುರಂಗಿಗೂ ಹಂಗ ಅನಿಸಬೇಕೇನ್ರಿ?"

ಮಾಸ್ತರರು ಟೋಪಿ ಹಾಕಿಕೊಂಡರು. ಆ ಗಂಡಸು ಇದ್ದರೆ ವಾಚನಾಲಯದ ಮಾತು ಇಲ್ಲಿಗೆ ಬಿಟ್ಟಂತೆ ಎಂದು ಹೇಳಿ ಹೋದರು.

ದತ್ತಾತ್ರಿ ಸಮೀಪ ಬಂದು ದನಿ ತಗ್ಗಿಸಿದ.

"ಪುತಳಾ, ನಾ ಒಂದು ಹೇಳ್ತೇನಿ ಕೇಳು. ಇವ ಧೊಂಡಿಬಾ ಅಂತ ಹೇಳಿಬಿಡು. ಸತ್ತ ಗಂಡನ್ನ ನೆನಸಿ ಬರದೀನಿ ಅನ್ನು. ಮಾಸ್ತರನೂ ಕಣ್ಣೀರು ಹಾಕ್ತಾನ. ಯಾರೂ ಸೊಲ್ಲೆತ್ತೋದಿಲ್ಲ. ಚಿತ್ರ ಹಂಗ ಉಳೀತದ."

ಒಳ್ಳೆಯ ದಾರಿ. ಒಂದು ಮಾತು ಅಂದರೆ ಸಾಕು, ಚಿತ್ರ ಉಳಿಯುತ್ತಿತ್ತು, ಕೆಲಸ ಉಳಿಯುತ್ತಿತ್ತು, ಊರಿನಲ್ಲಿ ಮಾನವೂ ಹೆಚ್ಚುತ್ತಿತ್ತು. ಪುತಳಾಬಾಯಿ ಕಲ್ಲಿನ ಮೇಲಿನ ಗಂಡಸನ್ನು ನೋಡಿದಳು.

"ಧೊಂಡಿಬಾ ಕೆಟ್ಟಾಂವ ಇರಲಿಲ್ಲರಿ ಮಾಲಕರ. ಕುಡೀಲಿಲ್ಲ, ಬಡೀಲಿಲ್ಲ. ಆದ್ರ ಹನ್ನೆರಡು ವರ್ಷದಾಗ ನನ್ನ ತಲಿ ಮ್ಯಾಗಿನ ಕೊಡ ಒಂದು ದಿನ ಇಳಿಸಿಲ್ಲ. ಇವ ನೋಡ್ರಿ, ಕತ್ತಿ ಹ್ಯಾಂಗ ಹಿಡದಾನ. ಇವ ಅಂವ ಅಲ್ಲ."

"ಮತ್ತ ಯಾರು?"

"ಸುರಂಗಿಗೆ ಬೇಕಾದಾಂವ."

"ಊರಾಗ ಏನಂತಾರ ಗೊತ್ತದ ಏನು? ಇದು ರಂಡಿಮುಂಡಿ ಮನಸಿನಾಗಿನ ಗಂಡಸು ಅಂತಾರ."

"ಅನ್ನಲಿರಿ. ಮನಸು ನಂದೇ ಅದ."

ದತ್ತಾತ್ರಿಯ ಮುಖ ಕೆಂಪಾಯಿತು. ಪಕ್ಕಕ್ಕೆ ಸರಿದು, ಇನ್ನು ಮಾತು ಬೇಡ, ಅವನೊಬ್ಬನನ್ನು ಕಲ್ಲಿನಿಂದ ಉಜ್ಜಿ ತೆಗೆ ಎಂದ. ಪುತಳಾಬಾಯಿ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿ ಕೈ ಒರೆಸಿಕೊಂಡಳು. ಮರಳಿನ ಬುಟ್ಟಿಯನ್ನು ತಂದು ಅವನ ಮುಂದೆ ಇಟ್ಟಳು.

"ಆರು ವರ್ಷದಾಗ ನೀವು ಹೇಳಿದ ಕಲ್ಲೆಲ್ಲಾ ಉಜ್ಜೀನಿ. ಇದನ್ನ ನೀವ ಉಜ್ಜ್ರಿ."

ಬುಟ್ಟಿ ಬಿಟ್ಟು ಹೊರಟುಹೋದಳು. ಮರುದಿನ ಅಷ್ಟೂರಿನ ಹೊಲವೊಂದರಲ್ಲಿ ಕೂಲಿಗೆ ನಿಂತಳು. ಆ ಗಂಡಸಿಗೆ ರಾಖಿಯನ್ನಾದರೂ ಬರೆದುಕೊಡು ಎಂದು ದತ್ತಾತ್ರಿ ಹೇಳಿದಾಗ ನಜಮೋದ್ದೀನ ತನಗೆ ಅಕ್ಷರ ಮಾತ್ರ ಬರುತ್ತದೆಂದು ಕೈ ಎತ್ತಿದ. ಹಾಗಾಗಿ ದತ್ತಾತ್ರಿಯೇ ತೋಳು ಮಡಚಿದ. ಹುಟ್ಟಿದಾಗಿನಿಂದ ಛಾಪಖಾನೆಯಲ್ಲಿ ಬೆಳೆದವನು, ಆದರೆ ಒಂದು ಕಲ್ಲನ್ನೂ ಉಜ್ಜಿದವನಲ್ಲ. ಮರಳುಗಲ್ಲಿನ ಚೂರಿನಿಂದ ಆ ಗಂಡಸನ್ನು ತಿಕ್ಕಿದ. ಅರ್ಧ ಗಂಟೆಯಲ್ಲಿ ಕಲ್ಲು ಬೆಳ್ಳಗಾಯಿತು. ಸುರಂಗಿ ಖಾಲಿ ಗಾಳಿಯ ಮೇಲೆ ತಲೆಯಿಟ್ಟು ನಗುತ್ತಿದ್ದಳು, ಅವಳ ಕತ್ತಿ ಗಾಳಿಯಲ್ಲಿ ನೇತಾಡುತ್ತಿತ್ತು. ತಲೆಯ ಕೆಳಗೆ ದತ್ತಾತ್ರಿ ತಾನೇ ಒಂದು ದಿಂಬು ಬರೆದ. ಅದು ಸೋರೆಕಾಯಿಯಂತೆ ಕಂಡಿತು.

ಮೊದಲ ಇಪ್ಪತ್ತು ಹಾಳೆ ಸ್ವಚ್ಛವಾಗಿ ಬಂದವು. ಅವನ್ನು ನೋಡಿ ಸಮಾಧಾನವಾಗಿ ದತ್ತಾತ್ರಿ ಊಟಕ್ಕೆ ಹೋದ. ಉಳಿದವನ್ನು ಕೆಲಸದವರು ಒಂದೊಂದಾಗಿ ನೋಡದೆ ತೆಗೆದು, ಹೊಲಿದು, ಕಟ್ಟು ಕಟ್ಟಿ, ಭಾಲ್ಕಿಗೆ ಔರಾದಿಗೆ ಕಳಿಸಿದರು. ಆ ಗಂಡಸು ಕಲ್ಲಿನ ಮೇಲಿಂದ ಹೋಗಿದ್ದ, ಒಳಗಿಂದ ಹೋಗಿರಲಿಲ್ಲ. ಉರುಳೆ ಹೊರಳಿದಂತೆಲ್ಲ ಒಳಗಿನ ಜಿಡ್ಡು ಮಸಿ ಹಿಡಿಯಿತು. ಮೂವತ್ತನೆಯ ಹಾಳೆಯಲ್ಲಿ ಒಂದು ಭುಜ ಕಂಡಿತು, ಐವತ್ತನೆಯದರಲ್ಲಿ ಕೈ. ನೂರು ದಾಟುವ ಹೊತ್ತಿಗೆ ಅವನು ಪೂರ್ತಿ ಬಂದು ಕೂತಿದ್ದ, ಬೂದಿಬಣ್ಣದಲ್ಲಿ, ಮುಖವೊಂದು ಬಿಟ್ಟು. ಮುಖವನ್ನು ದತ್ತಾತ್ರಿ ಸಿಟ್ಟಿನಿಂದ ಹೆಚ್ಚು ತಿಕ್ಕಿದ್ದ.

ಎರಡು ವಾರದ ಮೇಲೆ ಭಾಲ್ಕಿ ಸಂತೆಯಿಂದ ಬಂದ ನಜಮೋದ್ದೀನ ಕೆಲವು ಪ್ರತಿಗಳನ್ನು ಕಂಕುಳಲ್ಲಿ ಹಿಡಿದು ತಂದ. ತಮ್ಮ ಪ್ರತಿ ಬಿಟ್ಟುಕೊಡಲು ಹೆಂಗಸರು ಬದಲಿಗೆ ಹೊಸದೊಂದನ್ನು ಕೇಳುತ್ತಿದ್ದರಂತೆ. ಆ ಖಾಲಿ ಮುಖವನ್ನು ಅವರು ಹಾಗೇ ಬಿಟ್ಟಿರಲಿಲ್ಲ. ಕಾಡಿಗೆಯಿಂದ, ಇದ್ದಲಿನಿಂದ ತುಂಬಿಸಿದ್ದರು. ಒಬ್ಬಳು ಹುರಿಮೀಸೆ ಬರೆದಿದ್ದಳು. ಒಬ್ಬಳು ಮೈಲಿಬೇನೆಯ ಕಲೆಗಳ ಚುಕ್ಕಿಯಿಟ್ಟಿದ್ದಳು, ಒಂದೊಂದೂ ಲೆಕ್ಕವಿಟ್ಟು ನೆನಪಿದ್ದಂತೆ. ಒಬ್ಬಳು ಕುರಿಗಾರನ ರುಮಾಲು ಸುತ್ತಿದ್ದಳು. ಔರಾದಿನಿಂದ ಬಂದ ಒಂದರಲ್ಲಿ ಮೀಸೆಯೇ ಇರಲಿಲ್ಲ, ಮೂಗಿನಲ್ಲಿ ನತ್ತಿತ್ತು.

ದತ್ತಾತ್ರಿ ಆ ಪ್ರತಿಗಳನ್ನು ಎತ್ತಿಕೊಂಡು ಅಷ್ಟೂರಿನ ಹೊಲಕ್ಕೆ ನಡೆದುಹೋದ. ಪುತಳಾಬಾಯಿ ಬದುವಿನ ಮೇಲೆ ಕುಳಿತು ಒಂದೊಂದಾಗಿ ನೋಡಿದಳು. ನತ್ತಿನ ಮುಖವನ್ನು ಬಹಳ ಹೊತ್ತು ನೋಡಿದಳು.

"ಇದನ್ನ ನನಗ ಕೊಡ್ರಿ," ಅಂದಳು.

"ತಗೋ. ಬಾಯಿ, ಕೆಲಸಕ್ಕ ಬಾ. ಆ ಕಲ್ಲು ನನ್ನ ಕೈಲಿ ಆಗವಲ್ದು. ಇನ್ನೂ ನೂರಾರು ಪ್ರತಿ ಕೇಳಾಕತ್ಯಾರ. ನಾ ಒಂದು ವಿಚಾರ ಮಾಡೀನಿ. ಮುಖ ಹಿಂಗ ಖಾಲಿ ಬಿಡೋಣು. ಯಾರಿಗೆ ಯಾರು ಬೇಕೋ ಅವರು ಬರಕೊಳ್ಳಲಿ. ಮಾಸ್ತರನೂ ಏನೂ ಅನ್ನಂಗಿಲ್ಲ, ಮುಖ ಇಲ್ದಾಂವ ಗಂಡಸ ಅಲ್ಲ ಅಂತೇನಿ."

ಪುತಳಾಬಾಯಿ ನಕ್ಕಳು. ಆಮೇಲೆ ತಲೆ ಅಲ್ಲಾಡಿಸಿದಳು.

"ಅವರು ಬರಕೊಂಡಿದ್ದು ಚಲೋ ಆತು ಮಾಲಕರ. ಅದು ಅವರದು. ಆದ್ರ ಆ ಕಟ್ಟಿ ಮ್ಯಾಗ ಮಲಗಿದಾಕಿ ಸುರಂಗಿ. ಆಕಿಗೆ ಒಬ್ಬಾಂವ ಅದಾನ, ಅವನಿಗೊಂದು ಮುಖ ಅದ. ಮುಖ ಬಿಟ್ರ, ಆಕಿ ಯಾರ ತೊಡಿ ಮ್ಯಾಗ ಬೇಕಾದ್ರೂ ಮಲಗ್ತಾಳ ಅಂದಂಗ ಆಗ್ತದ. ಮುಖ ಇಟ್ರನ ಬರ್ತೇನಿ."

"ಮಾಸ್ತರ ಸಾಲಿಗೆ ಸೇರಿಸಂಗಿಲ್ಲ."

"ಸಂತ್ಯಾಗ ಓದ್ತಾರಲ್ಲರಿ."

ದತ್ತಾತ್ರಿ ಬದುವಿನ ಮೇಲೆ ಅವಳಿಂದ ಒಂದು ಮಾರು ದೂರ ಕುಳಿತ. ಹೊಲದಲ್ಲಿ ಕೂಲಿಯವರು ತೊಗರಿಯ ಕಟ್ಟಿಗೆ ಹೊರೆ ಕಟ್ಟುತ್ತಿದ್ದರು. ಅವನು ಅತ್ತ ನೋಡುತ್ತಲೇ, "ರಾಖಿ ಬ್ಯಾಡ, ದಿಂಬೂ ಬ್ಯಾಡ," ಅಂದ.

"ಆ ಸೋರಿಕಾಯಿ ನೀವ ಬರದ್ರೇನು?"

"ಹೂಂ."

"ಚಲೋ ಬಂದದ್ರಿ," ಅಂದಳು ಅವಳು, ಎದ್ದು ಸೆರಗಿಗೆ ಅಂಟಿದ ಮುಳ್ಳು ತೆಗೆಯುತ್ತ.

ಮರುದಿನ ಬೆಳಿಗ್ಗೆ ಅವಳು ಆ ಕಲ್ಲನ್ನು ಉಜ್ಜಿದಳು. ಅರ್ಧ ಗಂಟೆಯಲ್ಲ, ಮಧ್ಯಾಹ್ನದವರೆಗೆ. ಬೂದಿಬಣ್ಣದ ಆ ಗಂಡಸು, ದಿಂಬು, ದತ್ತಾತ್ರಿಯ ಸಿಟ್ಟಿನ ಗೀರು, ಎಲ್ಲ ಮರಳಿನ ಕೆಸರಿನೊಡನೆ ಹರಿದು ಹೋದವು. ನೀರು ಸುರಿದು ಅಂಗೈ ಆಡಿಸಿ ನೋಡಿದಳು. ಆಮೇಲೆ ಹಳದಿ ಕಾಗದ ತೆಗೆದುಕೊಂಡು ಮೊದಲು ಅವನ ಮುಖವನ್ನೇ ಬರೆದಳು, ಮೊದಲಿನಂತೆಯೇ. ಅಗಲ ಹಣೆ, ಒಂದಿಷ್ಟು ಸೊಟ್ಟ ಮೂಗು. ಕತ್ತಿ ಕೈ ಜಾರೀತೇನೋ ಎಂಬ ಎಚ್ಚರವಿದ್ದ ಕಣ್ಣು.

ಪಕ್ಕದಲ್ಲಿ ಕೂತು ಅಕ್ಷರ ಬರೆಯುತ್ತಿದ್ದ ನಜಮೋದ್ದೀನ ಇಣುಕಿ ನೋಡಿದ.

"ಕೆಳಗ ಏನು ಬರೀಲಿ ಬಹೆನ? ಇವನ ಹೆಸರು?"

"ಹೆಸರು ಸುರಂಗಿಗೆ ಗೊತ್ತದ. ನೀವು ಬರೀರಿ: ಇವತ್ತು ಆಕಿ ಬ್ಯಾರೆ ಯಾವ ಬಾವಿಗೂ ಹೋಗಲಿಲ್ಲ."

ಅವನು ಹೊಸದಾಗಿ ಕಲಿತ ಅಕ್ಷರಗಳಲ್ಲಿ, ಒತ್ತು ದೀರ್ಘ ತಪ್ಪದಂತೆ ನಿಧಾನವಾಗಿ, ಹಾಗೇ ಬರೆದ.