ಆರು ತಿಂಗಳ ಬೀಗ

ಕನ್ನಪ್ಪ ಬದುಕಿದ್ದಷ್ಟು ದಿನ ಯಾರಿಗೂ ತೊಂದರೆ ಕೊಟ್ಟವನಲ್ಲ. ಸತ್ತ ಗಳಿಗೆ ಮಾತ್ರ ಸರಿಯಿರಲಿಲ್ಲ. ಸಾಗರದ ಪುರಸಭೆಯಲ್ಲಿ ಹದಿನಾಲ್ಕು ವರ್ಷ ನಲ್ಲಿಗೆ ನೀರು ಬಿಡುವ ಕೆಲಸ ಮಾಡಿದ ಆ ಸಾಧು ಮನುಷ್ಯ, ೧೯೬೪ರ ಮಾಘ ಮಾಸದ ಒಂದು ಬೆಳಿಗ್ಗೆ ಎದೆನೋವೆಂದು ಕೂತವನು ಕೂತಲ್ಲೇ ಹೋದ. ಜೋಯಿಸರು ಪಂಚಾಂಗ ಬಿಡಿಸಿ ನೋಡಿ, ಧನಿಷ್ಠಾ ನಕ್ಷತ್ರ, ಮನೆ ಬಿಡಬೇಕು ಎಂದರು. ಅಂಥ ನಕ್ಷತ್ರದಲ್ಲಿ ಸಾವಾದ ಮನೆಗೆ ಆರು ತಿಂಗಳು ಬೀಗ ಹಾಕಿ ಎಲ್ಲರೂ ಹೊರಗಿರಬೇಕು. ಇಲ್ಲದಿದ್ದರೆ ಅದೇ ಸೂರಿನಡಿ ಇನ್ನೊಂದು ಜೀವ ಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. ಕನ್ನಪ್ಪನ ಹೆಂಡತಿ ಹಾಲಮ್ಮನೂ ನಂಬಿದ್ದಳು.

ಸ್ವಂತ ಮನೆಯಿದ್ದವರು ಬೀಗ ಜಡಿದು ನೆಂಟರ ಮನೆಗೆ ಹೋಗಿಬಿಡುತ್ತಾರೆ. ಹಾಲಮ್ಮನದು ಪುರಸಭೆಯ ಬಾಡಿಗೆ ಮನೆ. ಒಂದೇ ಸೂರಿನ ಕೆಳಗೆ ಎಂಟು ಮನೆ, ನಡುವೆ ಒಂದೊಂದೇ ಗೋಡೆ. ಈ ಮನೆಯಲ್ಲಿ ಕೆಮ್ಮಿದರೆ ಆ ಮನೆಯವರು ಶುಂಠಿ ಕಷಾಯ ಕಾಸುತ್ತಿದ್ದರು.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಅವಳು ಪುರಸಭೆಗೆ ಹೋದಳು. ಗುಮಾಸ್ತ ಉಮಾಪತಿ ಒಳ್ಳೆಯವನೇ. ಕುರ್ಚಿ ಕೊಟ್ಟು ಕೂರಿಸಿ, ಕರಾರು ಪತ್ರವನ್ನು ಒಂದೊಂದೇ ಸಾಲಾಗಿ ಓದಿ ಹೇಳಿದ. ಬಾಡಿಗೆದಾರ ತೀರಿಕೊಂಡರೆ ಹೆಂಡತಿ ಮನೆಯನ್ನು ತನ್ನ ಹೆಸರಿಗೆ ಕೇಳಬಹುದು, ಅದು ಅವಳ ಹಕ್ಕು. ಆದರೆ ತನಿಖೆಗೆ ಬಂದಾಗ ಅವಳು ಅಲ್ಲಿ ವಾಸವಿರಬೇಕು. ಒಂದು ತಿಂಗಳು ಬೀಗ ಬಿದ್ದಿದ್ದರೆ ಮನೆ ಪಟ್ಟಿಯಲ್ಲಿ ಕಾದಿರುವ ಮುಂದಿನವರಿಗೆ ಹೋಗುತ್ತದೆ. ಹಾಲಮ್ಮ ನಕ್ಷತ್ರದ ವಿಷಯ ತೆಗೆದಳು. ಉಮಾಪತಿ ಪತ್ರವನ್ನು ತಿರುಗಿಸಿ ಹಿಂದೆಯೂ ನೋಡಿದ, ಪಾಪ. ಅಲ್ಲಿ ನಕ್ಷತ್ರಕ್ಕೆ ಜಾಗವಿರಲಿಲ್ಲ.

ಅರ್ಜಿ ಕೊಟ್ಟು ಬಂದು ಅವಳು ಯೋಚಿಸಿ ಯೋಚಿಸಿ ಒಂದು ಉಪಾಯ ಕಂಡುಕೊಂಡಳು. ಬಾಗಿಲಿಗೆ ಬೀಗ ಹಾಕಿ, ಹನ್ನೆರಡು ವರ್ಷದ ಮಗಳು ಬೆಳ್ಳಮ್ಮನನ್ನು ಕರೆದುಕೊಂಡು ಹೊರಗಿನ ಜಗಲಿಯ ಮೇಲೆ ಸಂಸಾರ ಹೂಡಿದಳು. ಹೊಸ್ತಿಲು ದಾಟಲಿಲ್ಲವಾದ್ದರಿಂದ ಸಾಲಿನ ಉಳಿದ ಮನೆಯವರು ಒಪ್ಪಿದರು. ಜಾಗ ಬಿಟ್ಟು ಕದಲಲಿಲ್ಲವಾದ್ದರಿಂದ ಪುರಸಭೆಯೂ ಒಪ್ಪೀತು ಎಂದುಕೊಂಡಳು. ಎರಡು ಕಡೆಯನ್ನೂ ಸಂಭಾಳಿಸಿದೆನೆಂದು ಒಳಗೊಳಗೇ ಕೊಂಚ ಹೆಮ್ಮೆಯೂ ಆಗಿತ್ತು.

ಬೀಗ ಹಾಕಿದ ಇಪ್ಪತ್ತನೆಯ ದಿನ ಪುರಸಭೆಯಿಂದ ತನಿಖೆಯವರು ಬಂದರು. ಬೀಗ ನೋಡಿದರು, ಜಗಲಿಯ ಮೇಲಿನ ಒಲೆ ನೋಡಿದರು. ಜಗಲಿ ಎಂಟೂ ಮನೆಯವರು ಓಡಾಡುವ ದಾರಿ, ಅದು ಬಾಡಿಗೆಗೆ ಕೊಟ್ಟದ್ದಲ್ಲ, ಅಲ್ಲಿ ಅಡುಗೆ ಮಾಡುವುದೇ ತಪ್ಪು ಎಂದರು. ಗದರಲಿಲ್ಲ, ಗದರಿದ್ದರೆ ಅತ್ತುಬಿಡಬಹುದಿತ್ತು. ಸೋಮವಾರ ಮತ್ತೆ ಬರುತ್ತೇವೆ, ಒಳಗೆ ಒಲೆ ಉರಿಯುತ್ತಿದ್ದರೆ ವಾಸವಿದ್ದಾರೆಂದು ಬರೆಯುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ಹೋದರು.

ಭಾನುವಾರ ಪಕ್ಕದ ಮನೆಯ ವಾಸಪ್ಪ ಬಂದು ಜಗಲಿಯ ಕೆಳಗೆ ನಿಂತ. ಅವನ ಸೊಸೆ ಶರಾವತಿ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಕಳಿಸೋಣವೆಂದರೆ, ಆ ಊರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಗಿತ್ತು. ತಂದೆತಾಯಿ ಸರ್ಕಾರ ಎಲ್ಲೋ ಕೊಟ್ಟ ಜಾಗದಲ್ಲಿ ಇನ್ನೂ ಗುಡಿಸಲಿಗೆ ಕಂಬ ನೆಡುತ್ತಿದ್ದರು.

"ನಿಟ್ಟೂರಲ್ಲಿ ನಿನ್ ಅಣ್ಣ ಇದಾನಲ್ಲ ತಂಗಿ, ಅಲ್ಲಿಗೆ ಹೋಗು," ಎಂದ ವಾಸಪ್ಪ. "ನನ್ ಸೊಸೆಗೆ ಏಳು ತಿಂಗಳು. ಒಂದೇ ಸೂರು."

"ಹೋದ್ರೆ ಮನೆ ಹೋಗ್ತದೆ ವಾಸಣ್ಣ. ಆಮೇಲೆ ಈ ಹುಡುಗೀನ ಕಟ್ಕೊಂಡು ಎಲ್ಲಿಗೆ ಬರ್ಲಿ?"

ವಾಸಪ್ಪ ಕೈಮುಗಿದು ಹೋದ. ತನಗಿಂತ ಹಿರಿಯನಾದವನು ಹಾಗೆ ಕೈಮುಗಿದದ್ದು ಹಾಲಮ್ಮನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಸೋಮವಾರ ಬೆಳಿಗ್ಗೆ ಅವಳು ಬೀಗ ತೆಗೆದಳು. ಏಳೂ ಮನೆಯವರು ಹೊರಗೆ ನಿಂತು ನೋಡುತ್ತಿದ್ದರು. ಗೀರಿದ ಮೂರು ಬೆಂಕಿಕಡ್ಡಿ ಆರಿಹೋದವು. ನಾಲ್ಕನೆಯದಕ್ಕೆ ಒಲೆ ಹತ್ತಿತು. ತನಿಖೆಯವರು ಬಂದು ಬಾಗಿಲಲ್ಲೇ ನಿಂತು ಬರೆದುಕೊಂಡರು. ತಿಂಗಳೊಳಗೆ ಮನೆ ಹಾಲಮ್ಮನ ಹೆಸರಿಗಾಯಿತು.

ಅದಾಗಿ ಸ್ವಲ್ಪ ದಿನಕ್ಕೆ ಶರಾವತಿ ಹೆತ್ತಳು. ಮಗು ಅಳಲಿಲ್ಲ. ಗೋಡೆಯ ಈಚೆ ಬದಿ ಕೂತು ಆ ಅಳುವಿಗೆ ಕಾದಿದ್ದ ಹಾಲಮ್ಮನಿಗೆ ಕೇಳಿಸಿದ್ದು ಹೆಂಗಸರ ಗೋಳು ಮಾತ್ರ.

ಯಾರೂ ಜಗಳಕ್ಕೆ ಬರಲಿಲ್ಲ. ಅವಳ ಬಾಗಿಲ ಮುಂದೆ ಹಾಯುವುದನ್ನು ಬಿಟ್ಟು ಅಂಗಳಕ್ಕಿಳಿದು ಸುತ್ತಿ ಹೋಗತೊಡಗಿದರು, ಅಷ್ಟೆ. ತಡೆಯಲಾರದೆ ಅವಳು ಉಮಾಪತಿಯ ಬಳಿ ಹೋಗಿ ಬೇರೆ ಮನೆ ಕೇಳಿದಳು. ಯಾವ ಮನೆಯೂ ಖಾಲಿಯಿರಲಿಲ್ಲ. ಅದಲುಬದಲು ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವಿತ್ತು, ಆದರೆ ಆ ಮನೆಗೆ ಬರುವವರು ಯಾರು? ವಾಸಪ್ಪನೂ ಮನೆ ಬದಲಿಗೆ ಅರ್ಜಿ ಹಾಕಿದ್ದನಂತೆ, ಅವನಿಗೂ ಸಿಕ್ಕಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಒಂದು ಮಧ್ಯಾಹ್ನ ಶರಾವತಿ ಒಬ್ಬಳೇ ಬಂದು ಅಂಗಳದಲ್ಲಿ ನಿಂತಳು. ಹಾಲಮ್ಮ ಅಕ್ಕಿ ಆರಿಸುತ್ತಿದ್ದಳು. ಮಣೆ ಹಾಕಲೆಂದು ಎದ್ದರೆ ಅವಳು ಬೇಡವೆಂದಳು.

"ಹಾಲಮ್ಮಕ್ಕ, ನೀವು ಒಳಗೆ ಹೋಗ್ದೇ ಇದ್ದಿದ್ರೆ ನನ್ ಕೂಸು ಉಳೀತಿತ್ತಾ?"

ಕೇಳುವ ದನಿಯಲ್ಲಿ ಸಿಟ್ಟಿರಲಿಲ್ಲ. ಇಲ್ಲ ಮಗಾ, ಅದೆಲ್ಲ ಸುಳ್ಳು ಎಂದು ಹಾಲಮ್ಮ ಹೇಳಬೇಕು. ಅದನ್ನು ಕೇಳಲೆಂದೇ ಆ ಹುಡುಗಿ ಬಂದಿದ್ದಾಳೆ. ಹಾಲಮ್ಮನಿಗೆ ಅದು ಸ್ಪಷ್ಟವಾಗಿ ಗೊತ್ತಾಯಿತು. ಆ ಒಂದು ಮಾತು ಹೇಳಲು ಅವಳು ಎರಡು ಸಲ ಬಾಯಿ ತೆರೆದಳು.

"ಗೊತ್ತಿಲ್ಲ ಮಗಾ," ಎಂದಳು.