ಹುಣ್ಣಿಮೆ ದಾಟಿದ ಭಾನುವಾರ

ರಾಣೆಬೆನ್ನೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕ್ರೈಸ್ತ ನರ್ಸಬಾಯಿಗೆ ಯಾವುದಕ್ಕೂ ಅವಸರವಿರಲಿಲ್ಲ. ಮಗುವಿನ ಜ್ವರ ಇಳಿಯಬೇಕಿರಲಿ, ನಲ್ಲಿಗೆ ನೀರು ಬರಬೇಕಿರಲಿ, ಕಟ್ಟೆಯ ಮೇಲೆ ಕುಳಿತು ಗದ್ದ ಮೇಲೆತ್ತಿ, "ತಡೀರಿ, ಚಂದಪ್ಪ ತುಂಬ್ಲಿ" ಎನ್ನುತ್ತಿದ್ದರು.

ಎಂಬತ್ತರ ದಶಕದ ಒಂದು ಬೇಸಿಗೆ, ಓಣಿಯವರ ಮುಂದೆ ನಾನು ಅವರನ್ನು ಹಾಸ್ಯ ಮಾಡಿದೆ. "ಹೋದ ವರ್ಷ ಮಾರ್ಚದಾಗ ನಿಮ್ಮ ಹಬ್ಬ, ಈ ವರ್ಷ ಏಪ್ರಿಲದಾಗ. ನಿಮ್ಮ ದೇವರ ಮನ್ಯಾಗ ಕ್ಯಾಲೆಂಡರ ಇಲ್ಲೇನ್ರಿ ಬಾಯಾರ?" ಎಲ್ಲರೂ ನಕ್ಕರು. ಅವರು ಎದ್ದು ಒಳಗೆ ಹೋದರು. ಆಮೇಲೆ ಎಷ್ಟೋ ದಿನ ಕಟ್ಟೆಗೆ ಬರಲಿಲ್ಲ.

ಅದು ನನ್ನ ಮನಸ್ಸನ್ನು ಕೊರೆಯತೊಡಗಿತು. ಕ್ಯಾಲೆಂಡರಿನಲ್ಲಿ ಕೆಂಪಗೆ ಅಚ್ಚಾಗಿದ್ದ ಗುಡ್ ಫ್ರೈಡೆಯೇ ಅವರ ಹಬ್ಬವೆಂದು ತಿಳಿದು, ರಾಜಿ ಮಾಡಿಕೊಳ್ಳಲೆಂದು ಹೋಳಿಗೆಯ ಡಬ್ಬಿ ಹಿಡಿದು ಹೋಗಿ, "ಹಬ್ಬದ ಶುಭಾಶಯ್ರಿ" ಎಂದೆ. ಅವರು ಬಿಳಿ ಸೀರೆಯಲ್ಲಿದ್ದರು. ಒಲೆ ಹೊತ್ತಿಸಿರಲಿಲ್ಲ.

"ಇವತ್ತ ನಮ್ಮ ಸ್ವಾಮಿ ಜೀವಾ ಬಿಟ್ಟ ದಿನಾರಿ. ಉಪವಾಸ ಅದೇವಿ."

ನಾನು ನಾಚಿ ಹಿಂದಕ್ಕೆ ಹೊರಳಿದೆ. ಅವರು ಡಬ್ಬಿ ಹಿಡಿದುಕೊಂಡರು.

"ನಿಲ್ರಿ ಅಣ್ಣಾರ. ಕ್ರಿಸ್‌ಮಸ್ಸಿಗೆ ತಾರೀಖ ಐತಿ, ಈಸ್ಟರಿಗೆ ಚಂದಪ್ಪ. ಮಾರ್ಚದಾಗ ಹಗಲು ರಾತ್ರಿ ಸಮ ಆದಮ್ಯಾಗ ಹುಣ್ಣಿವಿ ಬರ್ತೈತಲ್ಲ, ಅದರ ಮುಂದಿನ ಆಯ್ತವಾರ ನಮ್ಮ ಹಬ್ಬ. ನಿಮ್ಮ ಯುಗಾದಿ ಏನ ಒಂದ ತಾರೀಖಿಗೆ ನಿಂತೈತೇನು? ಆಯ್ತವಾರ ಬರ್ರಿ, ಕೂಡಿ ತಿನ್ನೋಣು."

ಭಾನುವಾರ ಅದೇ ಹೋಳಿಗೆಯನ್ನು ಹಂಚಿನ ಮೇಲೆ ಬೆಚ್ಚಗೆ ಮಾಡಿ, ತುಪ್ಪ ಸವರಿ, ಮೊದಲು ನನಗೇ ಬಡಿಸಿದರು. ನಾನು ಕ್ಷಮೆ ಕೇಳಲಿ ಎಂದು ಅವರು ಕಾಯಲೇ ಇಲ್ಲ. ಸಂಜೆ ಓಣಿಯವರೆಲ್ಲ ನೋಡುವಂತೆ, ಕಟ್ಟೆಯ ಮೇಲೆ ನನ್ನ ಪಕ್ಕಕ್ಕೇ ಬಂದು ಕುಳಿತರು.