ಎರಡು ಕೋಟೆ, ದಿನಕ್ಕೊಂದು ಕಟ್ಟು ಕೊತ್ತಂಬರಿ

ಡುಬ್ರೊವ್ನಿಕ್ಕೋ ಕೋಟೋರೋ ಎಂದು ನಾನೂ ನನ್ನ ಹೆಂಡತಿಯೂ ಎರಡು ತಿಂಗಳು ಚರ್ಚೆ ಮಾಡಿದೆವು. ಎರಡೂ ಒಂದೇ ಸಮುದ್ರದ ದಂಡೆಯ ಊರುಗಳು, ಎರಡರ ಸುತ್ತಲೂ ನೂರಾರು ವರ್ಷ ಹಳೆಯ ಕಲ್ಲಿನ ಕೋಟೆಗೋಡೆ, ನಡುವೆ ಒಂದು ದೇಶದ ಗಡಿ. ನಮಗಿದ್ದದ್ದು ಐದು ದಿನದ ರಜೆ. ಎರಡನ್ನೂ ನೋಡುತ್ತೇವೆಂದು ಹೊರಟರೆ ಗಡಿಯ ಕ್ಯೂನಲ್ಲೇ ಒಂದು ದಿನ ಮುಗಿಯುತ್ತದೆ ಎಂದು ಹೋಗಿಬಂದವರು ಹೆದರಿಸಿದ್ದರು. ಹಾಗಾಗಿ ಒಂದನ್ನು ಆರಿಸಲೇಬೇಕಿತ್ತು.

ಚರ್ಚೆ ಎಂದೆನಲ್ಲ, ಅದು ಸುಳ್ಳು. ಮೊದಲ ದಿನವೇ ಅವಳು ಡುಬ್ರೊವ್ನಿಕ್ ಎಂದು ತೀರ್ಪು ಕೊಟ್ಟಾಗಿತ್ತು. ಅಲ್ಲಿ ದೊಡ್ಡ ಬೀದಿ ಸಪಾಟಾಗಿದೆ, ಎಲ್ಲೆಂದರಲ್ಲಿ ಕೂರಬಹುದು, ಗೋಡೆಯ ಮೇಲೆ ಎಷ್ಟು ಬೇಕೋ ಅಷ್ಟೇ ನಡೆದು ಇಳಿಯಬಹುದು. ಕೋಟೋರಿನಲ್ಲಾದರೋ ಗೋಡೆ ಊರನ್ನು ಬಿಟ್ಟು ಬೆಟ್ಟ ಹತ್ತುತ್ತದೆ, ತುದಿ ಮುಟ್ಟಲು ಸಾವಿರದ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಎರಡು ವರ್ಷದ ಹಿಂದೆ ನನ್ನ ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದ್ದಾರೆ. ಇನ್ನು ಚರ್ಚೆಗೆ ಉಳಿದದ್ದೇನು? ಆದರೂ ನಾನು ಹಟಕ್ಕೆ ಕೋಟೋರ್ ಕೋಟೋರ್ ಅನ್ನುತ್ತಿದ್ದೆ. ನನ್ನನ್ನು ರೋಗಿಯ ಹಾಗೆ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಎರಡು ವರ್ಷ ಅವಳು ನನ್ನನ್ನು ಕಣ್ಣಳತೆಯಿಂದ ಆಚೆ ಬಿಟ್ಟಿರಲಿಲ್ಲ. ಬಾತ್‌ರೂಮಿನಲ್ಲಿ ಐದು ನಿಮಿಷ ಹೆಚ್ಚಾದರೆ ಬಾಗಿಲು ಬಡಿಯುತ್ತಿದ್ದಳು. ಆಫೀಸಿನಲ್ಲಿದ್ದರೆ ಗಂಟೆಗೊಂದು ಫೋನ್. ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆಯ ಪುಟ್ಟ ಡಬ್ಬಿ ನನ್ನ ಜೇಬಿನಲ್ಲಿದ್ದರೆ ಮರೆತುಬಿಡುತ್ತೇನೆಂದು ತನ್ನ ಪರ್ಸಿನಲ್ಲೇ ಒಂದು, ನನ್ನ ಮೇಜಿನ ಖಾನೆಯಲ್ಲಿ ಇನ್ನೊಂದು ಇಟ್ಟಿದ್ದಳು. ನನ್ನ ಸಾರಿಗೆ ಉಪ್ಪು ಕಡಿಮೆಯಾದ ದಿನವೇ ಅವಳ ಸಾರಿಗೂ ಕಡಿಮೆಯಾಯಿತು. ನಾನು ರೇಗುತ್ತಿದ್ದೆ, ಅವಳು ಮರುದಿನ ಮತ್ತೆ ಬಾಗಿಲು ಬಡಿಯುತ್ತಿದ್ದಳು. ಅವಳಿಲ್ಲದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಅದನ್ನು ಆಗ ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಕೊನೆಗೆ ನಾನೇ ಸೋತು ಡುಬ್ರೊವ್ನಿಕ್ಕಿನ ವೀಸಾಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಬ್ಯಾಂಕಿನ ಕಾಗದ, ಆಫೀಸಿನ ಪತ್ರ, ಬಿಳಿ ಹಿನ್ನೆಲೆಯ ಫೋಟೋ ಎಲ್ಲ ಫೈಲಿಗೆ ಸೇರಿದವು. ಅದೇ ಹೊತ್ತಿಗೆ ನಮ್ಮ ಫ್ರಿಜ್ಜಿನಲ್ಲಿ ಕೊತ್ತಂಬರಿ ಸೊಪ್ಪು ಹೆಚ್ಚತೊಡಗಿತು. ದಿನಾ ಸಂಜೆ, ಫೋನ್ ಪಕ್ಕದಲ್ಲೇ ಇಟ್ಟುಕೊಳ್ಳಿ ಎಂದು ನನಗೆ ಹೇಳಿ, ಅವಳು ಕೆಳಗಿನ ಅಂಗಡಿಗೆ ಹೋಗಿ ಒಂದು ಕಟ್ಟು ತರುತ್ತಿದ್ದಳು. ಅಬುಧಾಬಿಯಲ್ಲಿ ನಾವಿರುವ ಹಮ್ದಾನ್ ಸ್ಟ್ರೀಟಿನಲ್ಲಿ ಒಂದು ಫೋನ್ ಮಾಡಿದರೆ ಅಂಗಡಿಯವನು ಹನ್ನೊಂದನೇ ಮಹಡಿಗೇ ತಂದುಕೊಡುತ್ತಾನೆ. ಜುಲೈ ಬಿಸಿಲಿಗೆ ಕಟ್ಟಡದ ಬಾಗಿಲು ದಾಟುವುದೇ ಶಿಕ್ಷೆ. ವಾಪಸ್ಸು ಬಂದಾಗ ಅವಳ ಮುಖ ಕೆಂಪಗೆ, ಬೆನ್ನು ಒದ್ದೆ. ಬಿಸಿಲೆಂದುಕೊಂಡೆ. ದಡ್ಡ ನಾನು.

ಗುಟ್ಟು ಬಿಟ್ಟುಕೊಟ್ಟವನು ಇಲ್ಲಿ ನಾತೂರ್ ಎಂದು ಕರೆಯುವ ನಮ್ಮ ಕಟ್ಟಡದ ಕಾವಲುಗಾರ. ಒಂದು ದಿನ ಲಿಫ್ಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಸಾಬ್, ಮೇಡಂ ಲಿಫ್ಟ್ ಸೇ ನಾರಾಜ್ ಹೈ ಕ್ಯಾ?" ಎಂದು ಕೇಳಿದ. ಲಿಫ್ಟಿನ ಮೇಲೆ ಅವಳಿಗೇನು ಸಿಟ್ಟು? ಕೇಳಿದರೆ, ಮೂರು ವಾರದಿಂದ ಮೇಡಂ ದಿನಾ ಮೆಟ್ಟಿಲು ಹತ್ತಿಯೇ ಮೇಲೆ ಹೋಗುತ್ತಿದ್ದಾರೆ ಎಂದ.

ಆಗ ನನಗೆ ನೆನಪಾಯಿತು. ಮದುವೆಗೆ ಮುಂಚೆ ಮೈಸೂರಿನಲ್ಲಿ ಇವಳು ಆಷಾಢ ಶುಕ್ರವಾರ ತಪ್ಪಿಸದೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತಿದ್ದವಳು. ನನ್ನನ್ನು ಕಟ್ಟಿಕೊಂಡು, ಒಂದು ದಿಬ್ಬವೂ ಇಲ್ಲದ ಅಬುಧಾಬಿಗೆ ಬಂದು ಇಪ್ಪತ್ತೆರಡು ವರ್ಷವಾಗಿದೆ.

ಮನೆಗೆ ಬಂದವನೇ ಫ್ರಿಜ್ ತೆಗೆದು ಐದು ಕಟ್ಟು ಸೊಪ್ಪನ್ನು ಅವಳ ಮುಂದಿಟ್ಟೆ.

"ಕೊತ್ತಂಬರಿ ಸಾಕು ಕಣೇ. ಕೋಟೋರಿಗೇ ಹೋಗೋಣ."

"ನಾತೂರ್ ಹೇಳಿದ್ನಾ?" ಅವಳು ನಕ್ಕಳು. "ಸುಮ್ನೆ ಹತ್ತಿದ್ದು ರೀ. ಹೋಗದಿದ್ರೂ, ನನಗಿನ್ನೂ ಆಗುತ್ತಾ ಅಂತ ನೋಡ್ಕೊಂಡೆ ಅಷ್ಟೆ."

"ಆಗುತ್ತೆ ತಾನೇ?"

"ನನಗಾಗುತ್ತೆ. ನಿಮ್ಮನ್ನ ಕೆಳಗೆ ಒಬ್ಬರನ್ನೇ ಕೂರಿಸಿ ಹೋಗೋಕೆ ಆಗಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಎರಡು ವರ್ಷ ನನ್ನ ಉಸಿರು ಎಣಿಸಿದ್ದೀಯ. ಎರಡು ಗಂಟೆ ನಾನೇ ಎಣಿಸ್ಕೋತೀನಿ ಬಿಡು," ಎಂದೆ. "ವೀಸಾ ಅಪಾಯಿಂಟ್‌ಮೆಂಟ್ ಖಲಾಸ್. ಕ್ಯಾನ್ಸಲ್ ಮಾಡ್ತೀನಿ." ಅವಳು ಸೊಪ್ಪು ಬಿಡಿಸಲು ಕೂತಳು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಆ ವಾರವೆಲ್ಲ ನಮಗೆ ಕೊತ್ತಂಬರಿ ಚಟ್ನಿ.

ಅಕ್ಟೋಬರಿನ ಒಂದು ಬೆಳಿಗ್ಗೆ ಕೋಟೋರಿನ ಕೋಟೆಯೊಳಗೆ, ಬೆಟ್ಟದ ಮೆಟ್ಟಿಲು ಶುರುವಾಗುವ ಜಾಗದಲ್ಲಿ ಒಂದು ಕಲ್ಲುಕಟ್ಟೆಯ ಮೇಲೆ ನಾನು ಕೂತೆ. ಅವಳು ನನಗೆ ನೀರಿನ ಬಾಟಲಿ ಕೊಟ್ಟಳು, ಫೋನಿನ ಚಾರ್ಜ್ ನೋಡಿದಳು, ಬಿಸಿಲು ಬಂದರೆ ಆ ಕಡೆ ಕೂತ್ಕೊಳ್ಳಿ ಎಂದಳು. ಇನ್ನು ಹೊರಡುವುದಿಲ್ಲವೇನೋ ಅಂದುಕೊಂಡೆ. ಆಮೇಲೆ ಪರ್ಸು ತೆಗೆದು, ಮಾತ್ರೆಯ ಡಬ್ಬಿಯನ್ನು ನನ್ನ ಅಂಗಿಯ ಜೇಬಿಗೆ ಹಾಕಿ, ಮೇಲಿಂದ ಒಮ್ಮೆ ತಟ್ಟಿದಳು.

ಮೊದಲ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದೆ ಬರುತ್ತಿದ್ದ ಪ್ರವಾಸಿಗಳು ಏನೋ ಬಿದ್ದುಹೋಗಿದೆಯೆಂದು ನೆಲ ನೋಡಿದರು. ಅವಳು ಹತ್ತತೊಡಗಿದಳು. ನಿಧಾನವಾಗಿ ಶುರು ಮಾಡಿದವಳು ಇಪ್ಪತ್ತು ಮೆಟ್ಟಿಲಾಗುವಷ್ಟರಲ್ಲಿ ವೇಗ ಹಿಡಿದಳು.

ಮೊದಲ ತಿರುವಿನಲ್ಲಿ ತಿರುಗಿ ನೋಡೇ ನೋಡುತ್ತಾಳೆ ಎಂದು ನನಗೆ ಗೊತ್ತಿತ್ತು. ನಾನು ಚೆನ್ನಾಗಿದ್ದೇನೆ ಎಂದು ತೋರಿಸಲು ಕೈ ಎತ್ತಿ ಸಿದ್ಧವಾಗಿ ಕೂತಿದ್ದೆ.

ಅವಳು ತಿರುಗಲಿಲ್ಲ. ಎತ್ತಿದ ಕೈಯನ್ನು ಇಳಿಸಿ ಜೇಬಿನ ಡಬ್ಬಿಯ ಮೇಲಿಟ್ಟುಕೊಂಡೆ. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಹೆಂಡತಿ ನನ್ನನ್ನು ಮರೆತಿದ್ದಳು.